ಮ್ಯಾಲಿಂದ ಬಂದಿಲ್ಲ

ಕಮಲಾಪುರದಿಂದ ಒಳದಾರಿ ಹಿಡಿದು ಆರು ಕಿಲೋಮೀಟರ್ ಹೋದರೆ ಒಂದು ಊರು ಸಿಗುತ್ತದೆ. ಅಲ್ಲಿ ಶಿವಶರಣನನ್ನು ಯಾರೂ ಬರೀ ಹೆಸರಿನಿಂದ ಕರೆಯುವುದಿಲ್ಲ, ಕಂಪ್ಯೂಟರ್ ಶಿವಶರಣ ಎನ್ನುತ್ತಾರೆ. ಗ್ರಾಮ ಪಂಚಾಯಿತಿಗೆ ಮೊದಲ ಕಂಪ್ಯೂಟರ್ ಬಂದ ದಿನ ಅದರ ಮುಂದೆ ಕೂತವನು ಅವನೇ. ಆಗ ಬಿ.ಎ. ಮುಗಿಸಿ ಅಪ್ಪನ ಕೆಂಪು ಬಾಳೆಯ ತೋಟಕ್ಕೆ ಒಲ್ಲದ ಮನಸ್ಸಿನಿಂದ ನೀರು ಹಾಯಿಸಿಕೊಂಡಿದ್ದ. ಈಗ ವಯಸ್ಸು ನಲವತ್ತರ ಹತ್ತಿರ. ಹಣೆ ಮೇಲಕ್ಕೆ ಸರಿಯುತ್ತಿದೆ, ನಗುಮುಖ ಮಾತ್ರ ಹಾಗೇ ಇದೆ.

ಅವನ ಮೇಲೆ ಊರಿಗೆ ಪ್ರೀತಿ ಇರಲು ಕಾರಣವಿತ್ತು. ಮೊದಲೆಲ್ಲ ಒಂದು ಪಹಣಿ ಬೇಕಾದರೂ ಬೆಳಗಿನ ಬಸ್ಸಿಗೆ ಕಲಬುರಗಿಗೆ ಹೋಗಬೇಕಿತ್ತು. ಸಾಹೇಬರು ಬಂದಿಲ್ಲ, ಊಟಕ್ಕೆ ಹೋಗ್ಯಾರ, ನಾಳೆ ಬರ್ರಿ ಎಂಬಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಆಮೇಲೆ ಕಮಲಾಪುರವೇ ತಾಲ್ಲೂಕು ಆಯಿತು. ಎಷ್ಟೋ ಕಾಗದಗಳು ಪಂಚಾಯಿತಿಯಲ್ಲೇ ಸಿಗುವಂತಾದವು. ಪ್ರಿಂಟರಿನಿಂದ ಬಿಸಿಬಿಸಿ ಹಾಳೆ ಎಳೆದು ಕೈಗಿಡುತ್ತ ಶಿವಶರಣ, "ಕಲಬುರಗಿನೇ ನಮ್ಮೂರಿಗಿ ನಡಕೊಂತ ಬಂದದ ನೋಡ್ರಿ" ಎನ್ನುತ್ತಿದ್ದ. ಆ ಮಾತು ಹೇಳುವಾಗ ಅವನಿಗೇ ಎದೆ ಉಬ್ಬುತ್ತಿತ್ತು.

ಹೋದ ವರ್ಷದ ಆಗಸ್ಟಿನಲ್ಲಿ ಶಾಲೆಯ ಅಂಗಳದಲ್ಲಿ ಗ್ರಾಮಸಭೆ ನಡೆಯಿತು. ಅಧ್ಯಕ್ಷೆ ಶಾರದಾಬಾಯಿ, ಪಕ್ಕದಲ್ಲಿ ಪಿಡಿಓ ವಿವೇಕಾನಂದ. ಆತನಿಗೆ ಎರಡು ಪಂಚಾಯಿತಿಗಳ ಜವಾಬ್ದಾರಿ, ಈ ಊರಿಗೆ ಬರುವುದು ವಾರಕ್ಕೆ ಎರಡು ದಿನ. ಮನೆ ತೆರಿಗೆಯಿಂದ ಪಂಚಾಯಿತಿಗೆ ಬರುವ ಸ್ವಂತ ಹಣದಲ್ಲಿ ಒಂದು ಪಾಲು ಅಂಗವಿಕಲರಿಗೆ ಮೀಸಲು. ಅದನ್ನು ಯಾರಿಗೆ, ಯಾವುದಕ್ಕೆ ಕೊಡಬೇಕು ಎಂಬುದನ್ನು ಊರೇ ಕೂತು ತೀರ್ಮಾನಿಸಬಹುದು. ಆ ದಿನ ಕುಲ್ಸುಮ್ ಎದ್ದು ನಿಂತಳು. ಗಂಡ ತೀರಿಕೊಂಡ ಮೇಲೆ ರವಿಕೆ ಹೊಲಿದು ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದವಳು. ದೊಡ್ಡ ಮಗಳು ಜೀನತ್‌ಗೆ ಹುಟ್ಟಿನಿಂದಲೇ ಎಡಪಾದ ಒಳಕ್ಕೆ ತಿರುಗಿತ್ತು. ಕುಂಟುತ್ತಲೇ ಕಮಲಾಪುರಕ್ಕೆ ಹೋಗಿ ಪಿಯುಸಿ ಮುಗಿಸಿದ್ದಳು. ಕಲಬುರಗಿಯ ಕಾಲೇಜೊಂದರಲ್ಲಿ ಫಾರ್ಮಸಿ ಡಿಪ್ಲೊಮಾಗೆ ಸೀಟು ಸಿಕ್ಕಿತ್ತು. ಸರ್ಕಾರದ ವಿದ್ಯಾರ್ಥಿವೇತನ ಬರುವುದೇನೋ ಬರುತ್ತದೆ, ಆದರೆ ವರ್ಷ ಅರ್ಧ ಕಳೆದ ಮೇಲೆ. ಕಾಲೇಜಿಗೆ ಫೀ ಬೇಕಾಗಿದ್ದು ಮೊದಲೇ.

"ಪಂಚಾಯ್ತಿಯವರು ಮೊದಲನೇ ವರ್ಷದ್ದು ಕಟ್ಟಿದ್ರ ಸಾಕ್ರಿ. ಮುಂದಿಂದು ನಾ ಹೆಂಗರ ಮಾಡ್ತೇನಿ" ಎಂದಳು ಕುಲ್ಸುಮ್.

ಯಾರೂ ಅಡ್ಡ ಮಾತಾಡಲಿಲ್ಲ. ಹಿರಿಯ ಜಗದೇವಪ್ಪನಂತೂ "ನಮ್ಮೂರ ಹುಡುಗಿ ಔಷಧ ಅಂಗಡಿ ಇಟ್ರ ನಮಗೇ ಚಲೋ ಅಲ್ಲೇನು" ಎಂದ. ಎಲ್ಲರೂ ಕೈಯೆತ್ತಿದರು. ಠರಾವನ್ನು ಪುಸ್ತಕದಲ್ಲಿ ಬರೆದವನು ಶಿವಶರಣನೇ. ಜೀನತ್‌ಳ ಕಾಗದಗಳಿದ್ದ ಪ್ಲಾಸ್ಟಿಕ್ ಫೈಲು ತೆಗೆದುಕೊಳ್ಳುತ್ತ, "ಇನ್ನ ನಿನ್ನ ಕೆಲಸ ಆತು ಅಂತ ತಿಳಕೋವ್ವ" ಎಂದಿದ್ದ. ಕಂಪ್ಯೂಟರಿನಲ್ಲಿ ವಿವರ ತುಂಬಿ ಬಿಲ್ಲು ತಯಾರಿಸಿದರೆ, ಪಿಡಿಓ ಮತ್ತು ಅಧ್ಯಕ್ಷೆ ಒಪ್ಪಿಗೆ ಒತ್ತಿದರೆ, ಹಣ ನೇರ ಕಾಲೇಜಿನ ಖಾತೆಗೆ. ಅರ್ಧ ಗಂಟೆಯ ಕೆಲಸ.

ಆ ಅರ್ಧ ಗಂಟೆ ಅಂದು ಸಿಗಲಿಲ್ಲ. ಮರುದಿನ ಕಲಬುರಗಿಯ ಗಾಜಿಪುರದಲ್ಲಿ ಹೆಂಡತಿ ಶೀಲಾಳ ತಮ್ಮನ ಮದುವೆ. ಫೈಲನ್ನು ಟೇಬಲ್ಲಿನ ಕೆಳಗಿನ ಖಾನೆಯಲ್ಲಿಟ್ಟು ಶಿವಶರಣ ಹೋದ. ಮೂರು ದಿನ ಮದುವೆ, ಎರಡು ದಿನ ನೆಂಟರು. ತಿರುಗಿ ಬಂದಾಗ ಪಂಚಾಯಿತಿಯ ಬಾಗಿಲಲ್ಲಿ ಜನ ಜಾತ್ರೆಯಂತೆ ನಿಂತಿದ್ದರು. ಯಾವುದೋ ಯೋಜನೆಯ ಪಟ್ಟಿಯಲ್ಲಿ ಹೆಸರು ತಪ್ಪಾಗಿ ಬಿದ್ದು ಅರ್ಧ ಊರಿನ ಹೆಂಗಸರಿಗೆ ಹಣ ನಿಂತಿತ್ತು. ಅದರ ಗದ್ದಲದಲ್ಲಿ ಫೈಲು ಅವನ ತಲೆಯಿಂದ ಜಾರಿಹೋಯಿತು.

ಹನ್ನೆರಡನೆಯ ದಿನವೋ ಹದಿಮೂರನೆಯ ದಿನವೋ ಜೀನತ್ ಬಂದಳು. ಜನರ ಹಿಂದೆ ಗೋಡೆಗೆ ಒರಗಿ ನಿಂತಿದ್ದಳು. ಎಲ್ಲರೂ ಹೋದ ಮೇಲೆ ಮುಂದೆ ಬಂದು, "ಶರಣಣ್ಣಾ, ಕಾಲೇಜಿನವರು ಕೇಳಾಕತ್ತಾರ. ನಮ್ಮ ಪಂಚಾಯ್ತಿದು ಎಲ್ಲಿತನಕ ಬಂತ್ರಿ?" ಎಂದಳು.

ಶಿವಶರಣನಿಗೆ ಫೈಲು ಆಗ ನೆನಪಾಯಿತು. ಮರೆತೆ ಎನ್ನಬೇಕಿತ್ತು. ಮರೆತೆನವ್ವ, ಕೂಡು, ಈಗಲೇ ಮಾಡ್ತೇನಿ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸಾಯಂಕಾಲವಾಗಿತ್ತು, ತಲೆ ಸಿಡಿಯುತ್ತಿತ್ತು, ಎದುರಿಗೆ ನಿಂತ ಹುಡುಗಿಯ ಕಣ್ಣಿನಲ್ಲಿ ಅವನ ಬಗ್ಗೆ ಇದ್ದ ಭರವಸೆ ಕಂಡು ನಾಚಿಕೆಯೂ ಆಯಿತು. ಬಾಯಿಂದ ಬಂದದ್ದು ಬೇರೆ ಮಾತು.

"ಮ್ಯಾಲಿಂದ ಬಂದಿಲ್ಲವ್ವ. ಬೆಂಗಳೂರದಾಗ ಸರ್ವರ್ ಬಂದ್ ಬಿದ್ದದ."

ಜೀನತ್ ತಲೆಯಾಡಿಸಿದಳು. ಮೇಲಿನಿಂದ ಬಂದಿಲ್ಲ ಎಂದರೆ ಈ ಭಾಗದಲ್ಲಿ ಯಾರೂ ಮುಂದೆ ಕೇಳುವುದಿಲ್ಲ. ಅಜ್ಜಂದಿರ ಕಾಲದಿಂದ ಎಲ್ಲವೂ ಮೇಲಿನಿಂದಲೇ ಬರಬೇಕಿತ್ತು, ಹೆಚ್ಚಿನ ಸಲ ಬರುತ್ತಿರಲಿಲ್ಲ. ಅವಳು ಹೋದ ಮೇಲೆ ಶಿವಶರಣ ಫೈಲು ತೆಗೆದ. ಆಗ ಇನ್ನೊಂದು ತೊಡಕು ಕಂಡಿತು. ಕಾಲೇಜಿನ ಬ್ಯಾಂಕ್ ಖಾತೆಯ ನಂಬರು ಝೆರಾಕ್ಸಿನಲ್ಲಿ ಅರ್ಧ ಅಳಿಸಿಹೋಗಿತ್ತು. ಹೊಸ ಪ್ರತಿ ತರಿಸಬೇಕು. ತರಿಸಿದರೆ ಇಷ್ಟು ದಿನ ಫೈಲನ್ನೇ ತೆರೆದಿಲ್ಲವೆಂದು ಅವಳಿಗೆ ತಿಳಿಯುತ್ತದೆ. ಸರ್ವರ್ ಮಾತು ಸುಳ್ಳೆಂದು ಗೊತ್ತಾಗುತ್ತದೆ. ಒಂದೆರಡು ದಿನ ಬಿಟ್ಟು ಏನಾದರೂ ನೆಪ ಹೇಳಿ ಕೇಳೋಣವೆಂದುಕೊಂಡು ಫೈಲನ್ನು ಮತ್ತೆ ಅದೇ ಖಾನೆಯಲ್ಲಿಟ್ಟ.

ಒಂದೆರಡು ದಿನ ಎನ್ನುವುದು ವಾರಗಳಾದವು. ಅವಳು ಬಂದಾಗಲೆಲ್ಲ ಅವನ ಬಾಯಲ್ಲಿ ಹೊಸ ಮಾತು ತಯಾರಿರುತ್ತಿತ್ತು. ಒಮ್ಮೆ ಪಿಡಿಓ ಸಾಹೇಬರು ರಜೆ, ಇನ್ನೊಮ್ಮೆ ತಾಲ್ಲೂಕಿನವರು ಒಪ್ಪಬೇಕು. ಅವಳು ಅದನ್ನೂ ನಂಬಿ ಕಮಲಾಪುರದ ತಾಲ್ಲೂಕು ಪಂಚಾಯಿತಿಗೆ ಹೋದಳು. ಅಲ್ಲಿ ಯಾರೋ ಜಿಲ್ಲಾ ಪಂಚಾಯಿತಿಯಲ್ಲಿ ಕೇಳು ಎಂದರು. ಕಲಬುರಗಿಗೆ ಹೋಗಿ, ಮಹಡಿ ಹತ್ತಿ, ಸರಿಯಾದ ಕೋಣೆ ಸಿಗದೆ ಮತ್ತೊಂದು ಮಹಡಿ ಹತ್ತಿ, ಕೊನೆಗೆ ಒಬ್ಬ ಹಿರಿಯ ಗುಮಾಸ್ತರನ್ನು ಕಂಡಳು. ಅವರು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, ಸಮಾಧಾನದಿಂದ ಹೇಳಿದರಂತೆ: "ಇದು ಇಲ್ಲಿಗಿ ಬರೋದೇ ಇಲ್ಲಮ್ಮಾ. ನಿಮ್ಮ ಪಂಚಾಯ್ತಿ ರೊಕ್ಕ, ನಿಮ್ಮ ಪಂಚಾಯ್ತಿ ಠರಾವು. ಅಲ್ಲೇ ಆಗಬೇಕು, ಅಲ್ಲೇ ಕೇಳು."

ವಾರದ ಮೇಲೆ ಜೀನತ್ ಅದನ್ನು ಹಾಗೆಯೇ ಬಂದು ಶಿವಶರಣನಿಗೆ ಹೇಳಿದಳು. ಹೇಳುವಾಗ ಅವಳ ದನಿಯಲ್ಲಿ ಅನುಮಾನವಿರಲಿಲ್ಲ, ಗೊಂದಲವಿತ್ತು ಅಷ್ಟೆ.

ಶಿವಶರಣ ನಕ್ಕ. "ದೊಡ್ಡ ಆಫೀಸಿನವರು ಹಿಂಗೇ ನೋಡು. ನಮ್ಮ ಮ್ಯಾಲ ಹಾಕಿ ಕೈ ತೊಳಕೊಳ್ತಾರ. ನನ್ನ ಕೈಯಾಗ ಇದ್ದಿದ್ರ ನಿನಗ ಇಷ್ಟು ಅಲೆದಾಡಿಸ್ತಿದ್ನೇನು?"

"ಇಲ್ರಿ ಅಣ್ಣಾ, ನಿಮ್ಮ ಮ್ಯಾಲ ಏನಿಲ್ಲ" ಎಂದು ಅವಳೇ ಸಂಕೋಚಪಟ್ಟಳು.

ಮುಂದೆ ಎಷ್ಟೋ ದಿನ ಶಿವಶರಣನನ್ನು ಕಾಡಿದ್ದು ಮರೆವಲ್ಲ, ಈ ನಗು. ಮರೆವು ಯಾರಿಗೂ ಬರುತ್ತದೆ. ನಿಜ ಹೇಳಿದ ಮನುಷ್ಯನನ್ನು ಸುಳ್ಳನನ್ನಾಗಿ ಮಾಡಿ, ಆ ಫೈಲಿದ್ದ ಟೇಬಲ್ಲಿನ ಮೇಲೆಯೇ ಮೊಣಕೈಯೂರಿ ಕೂತು ನಕ್ಕಿದ್ದ. ಹುಡುಗಿ ಓದಿದವಳಾದರೂ ಗುಮಾಸ್ತರನ್ನು ಬಿಟ್ಟು ಅವನನ್ನು ನಂಬಿದ್ದಳು. ಯಾಕೆಂದರೆ ಅವನು ಊರಿನವನು.

ಕಾಲೇಜು ಎರಡು ಸಲ ಗಡುವು ಮುಂದೂಡಿ, ಮೂರನೆಯ ಸಲ ಸೀಟನ್ನು ಬೇರೆಯವರಿಗೆ ಕೊಟ್ಟಿತು. ದೀಪಾವಳಿ ಆಗಿ ವಾರ ಕಳೆದಿತ್ತು. ಜೀನತ್ ಅತ್ತಳೋ ಇಲ್ಲವೋ ಶಿವಶರಣನಿಗೆ ಗೊತ್ತಾಗಲಿಲ್ಲ, ಅವಳು ಪಂಚಾಯಿತಿಗೆ ಬರುವುದು ನಿಂತಿತು. ಕಲಬುರಗಿ ಹತ್ತಿರದ ಕಪನೂರಿನ ಒಂದು ದಾಲ್ ಮಿಲ್ಲಿನಲ್ಲಿ ಪಾಕೀಟಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಸೇರಿದ್ದಾಳೆಂದು ಆಮೇಲೆ ಕೇಳಿದ. ಕಲಬುರಗಿ ಬಸ್ಸಿಗೆ ಬೆಳಗ್ಗೆ ಹೋಗಿ ಸಂಜೆ ಬರುತ್ತಿದ್ದಳು. ಆ ಬಸ್ಸು ಪಂಚಾಯಿತಿಯ ಮುಂದೆಯೇ ಹಾದುಹೋಗುತ್ತದೆ. ಅದರ ಹಾರ್ನು ಕೇಳಿದರೆ ಶಿವಶರಣ ಕುರ್ಚಿಯಿಂದ ಎದ್ದು ಒಳಕೋಣೆಗೆ ಹೋಗಿ ಏನನ್ನೋ ಹುಡುಕುವವನಂತೆ ನಿಲ್ಲತೊಡಗಿದ.

ಮಾರ್ಚ್ ತಿಂಗಳು ಬಂತು. ಅಂಗವಿಕಲರ ಪಾಲಿನ ಹಣ ಖರ್ಚಾಗದೆ ಉಳಿದಿದೆ, ವರ್ಷ ಮುಗಿಯುವುದರೊಳಗೆ ಬಳಸದಿದ್ದರೆ ತಪಾಸಣೆಯವರು ಕೇಳುತ್ತಾರೆ ಎಂದು ವಿವೇಕಾನಂದ ಹೇಳಿದ. "ಆ ಹುಡುಗಿ ಫೀದು ಏನಾತು?" ಎಂದು ಶಾರದಾಬಾಯಿ ನೆನಪು ಮಾಡಿಕೊಂಡು ಕೇಳಿದಾಗ ಶಿವಶರಣ, "ಸೀಟ ಹೋತಂತ್ರಿ ಅಕ್ಕಾ, ಆಕಿ ಕೆಲಸಕ್ಕ ಹೊಂಟಾಳ" ಎಂದ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆ ಹಣದಲ್ಲಿ ಪಂಚಾಯಿತಿಯ ಮುಂದೆ ಇಳಿಜಾರು ಕಟ್ಟಿಸಿದರು, ಪಕ್ಕಕ್ಕೆ ಸ್ಟೀಲಿನ ಹಿಡಿಕೆ, ಕಾಲು ಸರಿಯಿಲ್ಲದವರು ಮೆಟ್ಟಿಲು ಹತ್ತದೆ ಬರಲೆಂದು. ಉದ್ಘಾಟನೆಗೆ ಪೇಢೆ ಹಂಚಿದರು. ಊರಿನಲ್ಲಿ ಅದರ ಮೇಲೆ ನಡೆದು ಪಂಚಾಯಿತಿಗೆ ಬರಬೇಕಾಗಿದ್ದ ಒಬ್ಬಳೇ ಹುಡುಗಿ ಆ ಹೊತ್ತಿಗೆ ಕಪನೂರಿನಲ್ಲಿದ್ದಳು. ಶಿವಶರಣ ಪೇಢೆಯನ್ನು ಜೇಬಿಗೆ ಹಾಕಿಕೊಂಡ, ತಿನ್ನಲಾಗಲಿಲ್ಲ.

ಆ ಸಲ ಆರ್ಥಿಕ ವರ್ಷದ ಕೊನೆಯ ದಿನವೇ ರಮ್ಜಾನ್ ಹಬ್ಬ ಬಂತು. ರಜೆಯಿದ್ದರೂ ಶಿವಶರಣ ಕೆಲಸಕ್ಕೆ ಕೂತಿದ್ದ. ಮಧ್ಯಾಹ್ನ ಕುಲ್ಸುಮ್ ಸ್ಟೀಲ್ ಡಬ್ಬಿಯಲ್ಲಿ ಹಾಲು-ಶಾವಿಗೆಯ ಶೀರ್‌ಖುರ್ಮಾ ಹಿಡಿದು ಬಂದಳು. ಪ್ರತಿ ವರ್ಷ ತರುತ್ತಿದ್ದಳು.

"ಹಬ್ಬದ ದಿನಾನೂ ಬಿಡುವಿಲ್ಲೇನು ತಮ್ಮಾ?"

"ಇಲ್ಲ ಆಪಾ, ಇವತ್ತ ಕಡೀ ದಿವಸ."

ಡಬ್ಬಿ ಟೇಬಲ್ಲಿನ ಮೇಲಿಟ್ಟು ಆಕೆ ಅಲ್ಲೇ ನಿಂತಳು. "ಜೀನತ್‌ಂದು ಆಗಲಿಲ್ಲ, ಅದು ಅಲ್ಲಾನ ಮರ್ಜಿ. ಆದ್ರ ನೀ ಭಾಳ ಓಡಾಡಿದಿ, ನನಗ ಗೊತ್ತದ. ಬೆಂಗಳೂರದಾಗ ಕುಂತವರಿಗಿ ನಮ್ಮಂಥವರ ಪಾಡು ಏನ ತಿಳೀತದ? ನೀ ಮನಸಿಗಿ ಹಚ್ಕೋಬ್ಯಾಡ." ಹೊರಡುವಾಗ ಬಾಗಿಲಲ್ಲಿ ತಿರುಗಿ, "ಸಣ್ಣಾಕಿ ಆಯೇಶಾನೂ ಮುಂದಿನ ವರ್ಷ ಪಿಯುಸಿ. ಆಕಿದೂ ನೀನೇ ನೋಡ್ಕೋಬೇಕಪ್ಪ" ಎಂದಳು.

ಡಬ್ಬಿ ಮನೆಗೆ ಹೋಯಿತು. ಶೀಲಾ ಬಡಿಸಿದಳು. ಒಂದು ಚಮಚ ಬಾಯಿಗಿಟ್ಟವನು ಎದ್ದು ಬಚ್ಚಲಿಗೆ ಹೋಗಿ ಉಗುಳಿ ಬಂದ. ಹೆಂಡತಿ ಗಾಬರಿಯಿಂದ ಕೇಳಿದಾಗ ಎಲ್ಲವನ್ನೂ ಹೇಳಿದ. ಮೊದಲ ಸಲ ಇನ್ನೊಬ್ಬರ ಮುಂದೆ ಬಾಯಿಬಿಟ್ಟಿದ್ದ. ಶೀಲಾ ಅವನ ಮುಂದಿದ್ದ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ನನ್ನ ತಮ್ಮನ ಮದುವಿಗಿ ಬಂದಿದ್ರಲ್ಲ, ಆವಾಗಿಂದು?" ಎಂದಳು. ಆಮೇಲೆ, "ಹೇಳಿದ್ರ ಕೆಲಸ ಹೋಗ್ತದೇನ್ರಿ?"

"ಹೋಗಬಹುದು."

"ಹೇಳದಿದ್ರ?"

ಅದಕ್ಕೆ ಉತ್ತರ ಕೊಡಲು ಅವನಿಗೆ ಮತ್ತೆ ಮೂರು ತಿಂಗಳು ಹಿಡಿಯಿತು. ಈ ಮೂರು ತಿಂಗಳಲ್ಲಿ ಅವನು ಯಾರ ಕೆಲಸವನ್ನೂ ನಾಳೆಗೆ ಇಡಲಿಲ್ಲ. ಭಾನುವಾರವೂ ಬಂದು ಕೂತ. ಊರವರು ಇನ್ನಷ್ಟು ಹೊಗಳಿದರು. ಹೊಗಳಿದಷ್ಟೂ ಒಳಗೆ ಇನ್ನೇನೋ ಕೊಳೆಯುತ್ತಿತ್ತು.

ಜೂನ್ ಕೊನೆಯ ಒಂದು ಮಧ್ಯಾಹ್ನ ಅವನು ಕಪನೂರಿನಲ್ಲಿ ಬಸ್ಸಿಳಿದ. ದಾಲ್ ಮಿಲ್ಲಿನ ಗೇಟಿನ ಹೊರಗೆ ತೊಗರಿ ಹೊಟ್ಟಿನ ಧೂಳು ಕಣ್ಣಿಗೆ ಬರುತ್ತಿತ್ತು. ಊಟದ ಹೊತ್ತಿಗೆ ಹೆಣ್ಣುಮಕ್ಕಳು ಹೊರಗೆ ಬಂದರು. ಜೀನತ್ ಅವನನ್ನು ಕಂಡವಳೇ ಬುತ್ತಿ ಕೆಳಗಿಟ್ಟು, "ಅಮ್ಮಿಗಿ ಏನರ ಆಗ್ಯದೇನ್ರಿ?" ಎಂದಳು.

"ಇಲ್ಲವ್ವ. ಎಲ್ಲಾರೂ ಆರಾಮದಾರ. ನಿನಗ ಒಂದು ಹೇಳಬೇಕಿತ್ತು."

ಗೋಡೆಯ ನೆರಳಿನಲ್ಲಿ ಅವಳು ಕೂತಳು, ಅವನು ನಿಂತೇ ಹೇಳಿದ. ಬಸ್ಸಿನಲ್ಲಿ ಕೂಡಿಸಿಕೊಂಡು ಬಂದ ಮಾತುಗಳೆಲ್ಲ ಹಾರಿಹೋಗಿದ್ದವು. ಸರ್ವರ್ ಬಂದ್ ಆಗಿರಲಿಲ್ಲ, ಬೆಂಗಳೂರಿಗೆ ಹೋಗುವ ಕಾಗದವೇ ಅದಲ್ಲ, ಫೈಲು ನನ್ನ ಟೇಬಲ್ಲಿನಲ್ಲೇ ಇತ್ತು ಎಂದಷ್ಟೇ ಹೇಳಿದ.

ಜೀನತ್ ಬೆರಳಿಗೆ ಅಂಟಿದ ಗೋಂದನ್ನು ಕೀಳುತ್ತ ಕೇಳಿಸಿಕೊಂಡಳು. "ನಾ ಜಿಲ್ಲಾ ಪಂಚಾಯ್ತಿಗಿ ಹೋದ ದಿವಸ ಅಲ್ಲೇ ಇತ್ತು?"

"ಇತ್ತವ್ವ."

"ಬಂದು ನಿಮಗ ಹೇಳಿದಾಗ? ಆ ಸಾಹೇಬರು ಹೇಳಿದ್ದು ಖರೇ ಇತ್ತು?"

"ಖರೇ ಇತ್ತು."

"ನಕ್ರಿ ನೀವು."

ಶಿವಶರಣ ತಲೆ ತಗ್ಗಿಸಿದ. ತಪ್ಪಾಯಿತು ಎನ್ನಲು ಬಾಯಿ ತೆರೆದ. ಅವಳು ಕೈಯೆತ್ತಿ ತಡೆದಳು. ದನಿ ಏರಿಸಲಿಲ್ಲ.

"ಆ ಮೆಟ್ಲ ಹತ್ತಿ ಇಳಿದ ಮ್ಯಾಲ ನಾಕು ದಿವಸ ನನಗ ಕಾಲ ಊರಾಕ ಆಗಿದ್ದಿಲ್ಲ ಅಣ್ಣಾ. ನನ್ನ ನಸೀಬೇ ಇಷ್ಟು ಅಂತ ತಿಳಕೊಂಡಿದ್ದೆ. ಅಮ್ಮಿ ಜೋಡಿ ಜಗಳಾಡಿದೆ, ನಾ ಯಾಕ ಹಿಂಗ ಹುಟ್ಟೀನಿ ಅಂತ." ಉಸಿರು ತೆಗೆದುಕೊಂಡಳು. "ಈಗ ನನ್ನೊಬ್ಬಾಕಿ ಮುಂದ ಹೇಳಿ ಹಗುರಾಗಬ್ಯಾಡ್ರಿ. ಅಮ್ಮಿಗಿ ಹೇಳ್ರಿ. ಎಲ್ಲಾರೂ ಕೈಯೆತ್ತಿದ್ರಲ್ಲ, ಅವರ ಮುಂದ ಹೇಳ್ರಿ."

ಬುತ್ತಿ ಬಿಚ್ಚದೆ ಎದ್ದು ಒಳಗೆ ಹೋದಳು.

ಆಗಸ್ಟಿನಲ್ಲಿ ಮತ್ತೆ ಗ್ರಾಮಸಭೆ ಕೂಡಿತು. ಹೋದ ವರ್ಷದ ಠರಾವುಗಳನ್ನು ಓದುವುದು ಶಿವಶರಣನ ಕೆಲಸ. ಚರಂಡಿ, ಬೀದಿದೀಪ, ನೀರಿನ ಟ್ಯಾಂಕು ಓದಿದ. ಆಮೇಲೆ ಜೀನತ್‌ಳ ಹೆಸರಿದ್ದ ಠರಾವನ್ನು ಓದಿ, ಪುಸ್ತಕ ಮುಚ್ಚಿದ.

"ಇದು ಆಗಿಲ್ರಿ. ಮ್ಯಾಲಿಂದ ಬರಲಿಲ್ಲ ಅಂತ ನಾ ಹೇಳ್ಕೊಂತ ಬಂದೆ. ಅದು ಸುಳ್ಳ. ಕಾಗದ ನನ್ನ ಹತ್ರನೇ ಇತ್ತು. ನಾ ಮಾಡಲಿಲ್ಲ. ಮಾಡಿಲ್ಲ ಅನ್ನೋದೂ ಹೇಳಲಿಲ್ಲ."

ವಿವೇಕಾನಂದ ಗಾಬರಿಯಿಂದ ಅವನ ಅಂಗಿ ಜಗ್ಗಿದ. ಶಾರದಾಬಾಯಿ ಕನ್ನಡಕ ತೆಗೆದು ಅವನನ್ನೇ ನೋಡಿದಳು. ಎಲ್ಲರೂ ಬೈಯುತ್ತಾರೆ ಎಂದು ಕಾದಿದ್ದ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಜಗದೇವಪ್ಪ, "ಹೋಗಲಿ ಬಿಡ್ರಿ. ಹುಡುಗ ಮನಸಿಂದ ಮಾಡಿಲ್ಲ. ಒಬ್ಬನೇ ಎಷ್ಟಂತ ನೋಡ್ತಾನ" ಎಂದ. ಹತ್ತಾರು ಜನ ತಲೆಯಾಡಿಸಿದರು. ಅವನಿಂದ ಒಂದಲ್ಲ ಒಂದು ಕೆಲಸ ಆಗದವರು ಅಲ್ಲಿ ಯಾರೂ ಇರಲಿಲ್ಲ.

ಆಗ ಹೆಂಗಸರ ಸಾಲಿನಿಂದ ಕುಲ್ಸುಮ್ ಎದ್ದಳು. "ಹಬ್ಬದ ದಿವಸ ನಿನಗ ಮನಸಿಗಿ ಹಚ್ಕೋಬ್ಯಾಡ ಅಂದೆ. ಆವಾಗೂ ನಿನಗ ಗೊತ್ತಿತ್ತಲ್ಲ?"

"ಗೊತ್ತಿತ್ತು ಆಪಾ."

ಕುಲ್ಸುಮ್ ಸೆರಗು ಸರಿಪಡಿಸಿಕೊಂಡು ಸಭೆಯಿಂದ ನಡೆದುಹೋದಳು.

ಕೆಲಸ ಹೋಗಲಿಲ್ಲ. ಪಿಡಿಓ ನೋಟಿಸು ಕೊಟ್ಟ, ಶಿವಶರಣ ಲಿಖಿತವಾಗಿ ತಪ್ಪೊಪ್ಪಿಕೊಂಡ, ಒಂದು ತಿಂಗಳು ಮನೆಯಲ್ಲಿ ಕೂತ. ಕಂಪ್ಯೂಟರ್ ಬಲ್ಲವರು ಬೇರೆ ಯಾರೂ ಇಲ್ಲದ್ದರಿಂದ ತಿರುಗಿ ಕರೆದರು. ಶಿಕ್ಷೆ ಅಷ್ಟಕ್ಕೇ ಮುಗಿದದ್ದು ಅವನಿಗೆ ಸಮಾಧಾನ ತರಲಿಲ್ಲ. ಶಾರದಾಬಾಯಿ ಮಾತ್ರ ಸುಮ್ಮನೆ ಕೂರಲಿಲ್ಲ. ಸಭೆ ನಡೆದ ವಾರವೇ ಹೊಸ ಠರಾವು ಮಾಡಿಸಿ, ಕುಲ್ಸುಮ್‌ಳ ಮನೆಗೆ ತಾನೇ ಹೋದಳು. ಜೀನತ್ ಮೊದಲು ಬೇಡವೆಂದಳು. ಎರಡನೆಯ ಸಲ ಹೋದಾಗ ಒಂದು ಷರತ್ತು ಹಾಕಿದಳು: ತನ್ನೆದುರಿಗೇ ಹಣ ಕಾಲೇಜಿಗೆ ಹೋಗಬೇಕು, ಅಂದೇ ಕಾಗದ ಕೈಗೆ ಬರಬೇಕು. ಹಾಗೆಯೇ ಆಯಿತು. ಮೊದಲಿನ ಕಾಲೇಜಿನಲ್ಲಿ ಸೀಟಿರಲಿಲ್ಲ, ಇನ್ನೊಂದರಲ್ಲಿ ಸಿಕ್ಕಿತು. ಜೊತೆಯಲ್ಲಿ ಪಿಯುಸಿ ಓದಿದವರು ಎರಡನೆಯ ವರ್ಷದಲ್ಲಿದ್ದರೆ ಅವಳು ಮೊದಲನೆಯದರಲ್ಲಿ ಕೂತಳು. ಆ ವರ್ಷವನ್ನು ಯಾವ ಠರಾವೂ ತಿರುಗಿ ಕೊಡುವಂತಿರಲಿಲ್ಲ.

ಕುಲ್ಸುಮ್ ಪಂಚಾಯಿತಿಯ ಹೊಸ್ತಿಲು ತುಳಿಯುವುದನ್ನು ಬಿಟ್ಟಳು. ರೇಷನ್ ಕಾರ್ಡಿನ ಸಣ್ಣ ತಿದ್ದುಪಡಿಗೂ ಬಸ್ಸು ಹತ್ತಿ ಕಮಲಾಪುರದ ಕಂಪ್ಯೂಟರ್ ಅಂಗಡಿಗೆ ಹೋಗುತ್ತಿದ್ದಳು. ಶಿವಶರಣ ಈಗ ಹಾರ್ನು ಕೇಳಿದರೆ ಒಳಕೋಣೆಗೆ ಹೋಗುವುದಿಲ್ಲ, ಕುರ್ಚಿಯಲ್ಲೇ ಕೂತಿರುತ್ತಾನೆ. ಕೆಲವು ದಿನ ಬಸ್ಸಿನಲ್ಲಿ ಕುಲ್ಸುಮ್ ಪಂಚಾಯಿತಿಯತ್ತ ನೋಡದೆ ಆಚೆ ಕಡೆ ಮುಖ ಮಾಡಿ ಕೂತಿರುವುದು ಕಾಣುತ್ತದೆ.

ಕಳೆದ ತಿಂಗಳು ಸಣ್ಣವಳು ಆಯೇಶಾ ಒಬ್ಬಳೇ ಬಂದಳು. ವಿದ್ಯಾರ್ಥಿವೇತನದ ಅರ್ಜಿ ಹಾಕಬೇಕಿತ್ತು, ಕಮಲಾಪುರದ ಅಂಗಡಿಯಲ್ಲಿ ಎರಡು ಸಲ ತಪ್ಪು ತುಂಬಿದ್ದರು.

"ಅಮ್ಮಿಗಿ ಹೇಳಿ ಬಂದೀಯೇನು?" ಎಂದು ಶಿವಶರಣ ಕೇಳಿದ.

"ಇಲ್ರಿ."

"ಹೇಳಿ ಬಾ. ಆಕಿ ಬ್ಯಾಡ ಅಂದ್ರ ಬ್ಯಾಡ." ಬೇಕಾದ ಕಾಗದಗಳ ಪಟ್ಟಿ ಬರೆದು ಕೊಟ್ಟು ಕಳಿಸಿದ.

ಮರುದಿನ ಆಯೇಶಾ ಕಾಗದ ತಂದಳು. ಕುಲ್ಸುಮ್ ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದಳು, ಒಳಗೆ ಬರಲಿಲ್ಲ. ಶಿವಶರಣ ಆಕೆಗೆ ಕಾಣುವಂತೆ ಕಿಟಕಿ ಪೂರ್ತಿ ತೆರೆದಿಟ್ಟು ಅರ್ಜಿ ತುಂಬಿದ. ಪ್ರಿಂಟು ತೆಗೆದು ತಾನೇ ಗೇಟಿನವರೆಗೆ ಹೋಗಿ ಕೊಟ್ಟ. ಆಕೆ ಅದನ್ನು ಮಗಳ ಕೈಗಿಟ್ಟು, "ಓದು" ಎಂದಳು. ಆಯೇಶಾ ಹೆಸರು, ತಂದೆಯ ಹೆಸರು, ಕಾಲೇಜು, ಖಾತೆಯ ನಂಬರು, ತಾರೀಖು, ಎಲ್ಲವನ್ನೂ ಗಟ್ಟಿಯಾಗಿ ಓದಿದಳು. ಖಾತೆಯ ನಂಬರನ್ನು ಕುಲ್ಸುಮ್ ಎರಡು ಸಲ ಓದಿಸಿದಳು. ಅಷ್ಟೂ ಹೊತ್ತು ಶಿವಶರಣ ಬಿಸಿಲಿನಲ್ಲಿ ನಿಂತಿದ್ದ.

"ಸರಿ ಅದ" ಎಂದಳು ಆಕೆ, ಮಗಳಿಗೆ. ಆಮೇಲೆ ಇಬ್ಬರೂ ಮನೆಯ ದಾರಿ ಹಿಡಿದರು.